ಶಾರ್ಟ್‌ಕಟ್ ರಾಯರು

ಆಫೀಸಿಗೆ ಒಬ್ಬರಾದರೂ ಇರುತ್ತಾರೆ, ಮೌಸ್ ಮುಟ್ಟಿದವರನ್ನು ಕಂಡರೆ ಮಡಿ ಕೆಟ್ಟವರ ಹಾಗೆ ಮುಖ ಕಿವುಚುವವರು. ನಮ್ಮಲ್ಲಿರುವವರಿಗೆ ಬೆನ್ನ ಹಿಂದೆ ಶಾರ್ಟ್‌ಕಟ್ ರಾಯರು ಅಂತ ಹೆಸರು. ವಯಸ್ಸು ನಲವತ್ತೂ ದಾಟಿಲ್ಲ. ‘ರಾಯರು’ ಎಂಬುದು ಉಪದೇಶ ಮಾಡುವಾಗಿನ ಠೀವಿಗೆ ಸಂದ ಬಿರುದು.

ಅವರ ಮೌಸ್ ಡ್ರಾಯರಿನಲ್ಲಿ ಸ್ಟೇಪ್ಲರ್ ಪಿನ್ನುಗಳ ನಡುವೆ ಬಿದ್ದಿದೆ. ಆಲ್ಟ್ ಹಿಡಿದು ಸ್ಪೇಸ್ ಒತ್ತಿದರೆ ಪರದೆ ನಡುವೆ ಖಾಲಿ ಪಟ್ಟಿಯೊಂದು ಮೂಡುತ್ತದೆ. ಎರಡಕ್ಷರ ಕುಟ್ಟಿ ಎಂಟರ್ ಹೊಡೆದರೆ ಎಕ್ಸೆಲ್ ಹಾಜರ್. ಲಾಂಚರ್ ಎಂಬ ಈ ಪಟ್ಟಿಯ ವಂಶಾವಳಿ ಅವರಿಗೆ ಬಾಯಿಪಾಠ: ಮ್ಯಾಕ್‌ನವರ ಕ್ವಿಕ್‌ಸಿಲ್ವರ್, 2005ರ ಸ್ಪಾಟ್‌ಲೈಟ್, ಆಲ್‌ಫ್ರೆಡ್, ವಿಂಡೋಸ್‌ನವರ ಲಾಂಚಿ, ಆಮೇಲೆ ಪವರ್‌ಟಾಯ್ಸ್ ರನ್. ಕಟ್, ಕಾಪಿ, ಪೇಸ್ಟ್ ಕೊಟ್ಟ ಲ್ಯಾರಿ ಟೆಸ್ಲರ್ 2020ರಲ್ಲಿ ತೀರಿಕೊಂಡ ಸುದ್ದಿ ಬಂದ ದಿನ ರಾಯರು ಕ್ಯಾಂಟೀನಿನ ಕೇಸರಿಬಾತ್ ಮುಟ್ಟಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ರಾಯರು ಕುರ್ಚಿ ಹಿಂದೆ ಬಂದು ನಿಲ್ಲುತ್ತಾರೆ. ನಾನು ಬಾಣವನ್ನು ಸ್ಟಾರ್ಟ್ ಬಟನ್ ಕಡೆ ನಡೆಸಿಕೊಂಡು ಹೋಗುವಾಗ ಕತ್ತಿನ ಹತ್ತಿರ ಬಿಸಿಯಾದ ನಿಟ್ಟುಸಿರು. “ದಿನಕ್ಕೆ ಎಷ್ಟು ಸೆಕೆಂಡ್ ಚೆಲ್ತಾ ಇದೀರಿ ಗೊತ್ತಾ ಸಾರ್?” ಅದನ್ನು ವಿವರಿಸಲು ಅರ್ಧ ಗಂಟೆ.

ಒಂದು ದಿನ ನಾನು ಟೀ ಕುಡಿದು ಬರುವಷ್ಟರಲ್ಲಿ ನನ್ನ ಕಂಪ್ಯೂಟರಿನ ಉದ್ಧಾರ ಆಗಿಹೋಗಿತ್ತು. ಆಟೋಹಾಟ್‌ಕೀ ಎಂಬ ತಂತ್ರಾಂಶ ಹಾಕಿ, “ಯಾರಿಗೂ ಬೇಡದ ಕೀ” ಒಂದನ್ನು ಹುಡುಕಿ, ಅದಕ್ಕೆ ಕ್ಯಾಲ್ಕುಲೇಟರ್ ಕಟ್ಟಿದ್ದರು. ಆ ಬೇಡದ ಕೀ ಸ್ಕ್ರಾಲ್ ಲಾಕ್. ನುಡಿ ತಂತ್ರಾಂಶದಲ್ಲಿ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬರಲು ನಾನು ಒತ್ತುವುದು ಅದನ್ನೇ. ರಾಜ್ಯೋತ್ಸವದ ಸುತ್ತೋಲೆ ಬರೆಯಲು ಕೂತೆ. ಒತ್ತಿದೆ, ಕ್ಯಾಲ್ಕುಲೇಟರ್. ಕನ್ನಡ ಬರಲಿಲ್ಲವೆಂದು ಇನ್ನೊಮ್ಮೆ ಒತ್ತಿದೆ, ಇನ್ನೊಂದು ಕ್ಯಾಲ್ಕುಲೇಟರ್. ಸಿಟ್ಟಿನಲ್ಲಿ ಪಟಪಟ ಒತ್ತಿದೆ, ‘ಮಾನ್ಯರೇ’ ಎಂಬ ಮೊದಲ ಪದ ಮೂಡುವ ಮೊದಲೇ ಪರದೆ ತುಂಬ ಸೊನ್ನೆಗಳು. ಆ ಕಡೆ ಹಾದುಹೋದ ಮ್ಯಾನೇಜರ್ ಬಗ್ಗಿ ನೋಡಿ, “ಇನ್‌ಕ್ರಿಮೆಂಟ್ ಲೆಕ್ಕಾನಾ?” ಅಂದರು.

ರಾಯರು ಬಂದರು. “ಸ್ಕ್ರಾಲ್ ಲಾಕನ್ನ ಭೂಮಿ ಮೇಲೆ ಯಾರೂ ಬಳಸಲ್ಲ ಅಂದ್ಕೊಂಡಿದ್ದೆ ಸಾರ್.”

“ಕನ್ನಡ ಬರೆಯೋರು ಬಳಸ್ತಾರೆ ಮಾರಾಯ್ರೆ.”

ಆಲ್ಟ್ ಎಫ್4, ಆಲ್ಟ್ ಎಫ್4 ಎಂದು ಅವರು ಕ್ಯಾಲ್ಕುಲೇಟರುಗಳನ್ನು ಉದುರಿಸಿದ ಚಂದ ನೋಡುವಾಗ ಬಯ್ಯುವುದು ಮರೆತೇಹೋಯಿತು. ಕೊನೆಯ ಏಟಿಗೆ ನನ್ನ ಸುತ್ತೋಲೆಯೂ ಹೋಯಿತು, ಅದು ಬೇರೆ ಮಾತು.

ಸೇಡಿಗೆ ಒಂದು ಅಸ್ತ್ರ ಸಿಕ್ಕಿತು. ಆಪಲ್‌ನ ಬ್ರೂಸ್ ಟೊಗ್ನಾಝಿನಿ 1989ರಲ್ಲೇ ಬರೆದಿದ್ದರು: ಪರೀಕ್ಷೆಗೆ ಕೂತವರೆಲ್ಲ ಕೀಬೋರ್ಡೇ ವೇಗ ಎನ್ನುತ್ತಾರೆ, ಸ್ಟಾಪ್‌ವಾಚ್ ಮಾತ್ರ ಮೌಸ್ ವೇಗ ಎನ್ನುತ್ತದೆ, ಯಾವ ಕೀ ಎಂದು ನೆನಪಿಸಿಕೊಳ್ಳುವ ಹೊತ್ತು ಒತ್ತುವವರ ಲೆಕ್ಕಕ್ಕೇ ಬರುವುದಿಲ್ಲ. ರಾಯರು ಕ್ಷಣ ತಡೆದು, “ಅವರು ನನ್ನನ್ನ ಪರೀಕ್ಷೆ ಮಾಡಿರಲಿಲ್ಲ” ಅಂದರು. ಈ ವಾದ ಗೆದ್ದ ನಾನು ಈಗ ಗುಟ್ಟಾಗಿ ಆಲ್ಟ್ ಸ್ಪೇಸ್ ಒತ್ತುತ್ತೇನೆ. ಅವರ ಚಪ್ಪಲಿ ಸದ್ದು ಕೇಳಿದರೆ ಕೈ ತಾನಾಗಿ ಮೌಸಿಗೆ ಹೋಗುತ್ತದೆ.

ಉಳಿಸಿದ ಸೆಕೆಂಡುಗಳನ್ನೆಲ್ಲ ರಾಯರು ಏನು ಮಾಡುತ್ತಾರೋ. ಸಂಜೆ ನಾವು ಹೊರಟ ಮೇಲೂ ಕೂತಿರುತ್ತಾರೆ, ಸ್ಕ್ರಿಪ್ಟ್ ತಿದ್ದುತ್ತಾ. ಆ ಹೊತ್ತಿಗೇ ತೀರ್ಥಹಳ್ಳಿಯಿಂದ ಅಮ್ಮನ ಫೋನು, ಕರೆಂಟ್ ಬಿಲ್ ಕಟ್ಟುವುದು ಹೇಗೆಂದು. ಪ್ರತಿ ತಿಂಗಳೂ ಅದೇ ಪಾಠ. “ಮೇಲ್ಗಡೆ ನೋಡಮ್ಮ. ಅದಲ್ಲ, ಅದರ ಪಕ್ಕದ್ದು. ನಿಧಾನ, ಕನ್ನಡಕ ಹಾಕ್ಕೊ.” ನಿಟ್ಟುಸಿರಿಲ್ಲ, ಸೆಕೆಂಡಿನ ಲೆಕ್ಕವಿಲ್ಲ.

“ತಾನಾಗೇ ಕಟ್ಟಿಹೋಗೋ ಹಾಗೆ ಮಾಡಿಕೊಡಬಾರದೇ, ನಿಮಗದು ಎಷ್ಟರ ಕೆಲಸ?” ಅಂತ ಕೇಳಿದೆ.

“ಮಾಡಿದ್ರೆ ಅವಳು ಫೋನ್ ಮಾಡೋದೇ ನಿಲ್ಲಿಸ್ತಾಳೆ ಸಾರ್” ಅಂದವರು, ನಾನು ಮುಂದಿನ ಮಾತು ಹುಡುಕುವುದರೊಳಗೆ ಆಲ್ಟ್ ಟ್ಯಾಬ್ ಒತ್ತಿಯಾಗಿತ್ತು.