ಸಾಧುವಾಗಿ ಕಾಣುವ ಬಿಳಿ ಪುಡಿ: ಒಂದು ಬಹಿರಂಗ ಪತ್ರ

ಹೈದರಾಬಾದಿನ ಲ್ಯಾಬುಗಳಿಗೆ, ಔಷಧ ಕಾರ್ಖಾನೆಗಳಿಗೆ ಹೊಸದಾಗಿ ಸೇರುತ್ತಿರುವ ಬೀದರ್, ಕಲಬುರಗಿ, ರಾಯಚೂರು ಕಡೆಯ ತಮ್ಮ ತಂಗಿಯರೇ,

ತಾರ್ನಾಕದ ಐಐಸಿಟಿಯಲ್ಲಿರಲಿ, ಗಚ್ಚಿಬೌಲಿಯ ವಿಶ್ವವಿದ್ಯಾಲಯದಲ್ಲಿರಲಿ, ಜೀಡಿಮೆಟ್ಲ, ಪಟಾನ್‌ಚೆರುವಿನ ಘಟಕಗಳಲ್ಲಿರಲಿ, ಒಂದು ಬಿಳಿ ಹರಳುಪುಡಿ ಇಂದಲ್ಲ ನಾಳೆ ನಿಮ್ಮ ಕೈಗೆ ಬರುತ್ತದೆ. ಹೆಸರು ಟ್ರೈಫೀನೈಲ್‌ಫಾಸ್ಫೀನ್, ಬಾಯಿಮಾತಿನಲ್ಲಿ ಟಿಪಿಪಿ. ಅದು ಹೊಗೆಯಾಡುವುದಿಲ್ಲ, ಗಾಳಿಗೆ ಹೊತ್ತಿಕೊಳ್ಳುವುದಿಲ್ಲ. ಈ ಪತ್ರ ಬರೆಯಲು ಅದೇ ಕಾರಣ. ಉಗ್ರವಾದದ್ದಕ್ಕೆ ಎಲ್ಲರೂ ಹೆದರುತ್ತಾರೆ. ಸಾಧುವಾಗಿ ಕಾಣುವುದರ ಮುಂದೆ ಕೈಗವಸು ಮರೆತುಹೋಗುತ್ತದೆ.

ಟಿಪಿಪಿಯ ಅಣುವಿನಲ್ಲಿ ಒಂದು ರಂಜಕದ ಪರಮಾಣು, ಅದರ ಸುತ್ತ ಮೂರು ಬೆಂಜೀನ್ ಉಂಗುರ. ರಂಜಕದ ಬಳಿ ಮಿಕ್ಕ ಒಂದು ಜೋಡಿ ಎಲೆಕ್ಟ್ರಾನನ್ನು ಪಲ್ಲೇಡಿಯಂ, ರೋಡಿಯಂನಂಥ ಲೋಹದೊಂದಿಗೆ ಹಂಚಿಕೊಂಡು ಈ ಅಣು ಆ ಲೋಹವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಲೋಹವನ್ನು ಪಳಗಿಸುವ ಅಣುವೇ ಲಿಗ್ಯಾಂಡ್. 2010ರಲ್ಲಿ ಹೆಕ್, ನೆಗಿಶಿ, ಸುಜುಕಿ ಅವರಿಗೆ ನೊಬೆಲ್ ತಂದ ಪಲ್ಲೇಡಿಯಂ ಕ್ರಿಯೆಗಳಲ್ಲಿ ಇಂಥ ಫಾಸ್ಫೀನುಗಳ ದುಡಿಮೆ ದೊಡ್ಡದು. ಇದೇ ಪುಡಿ ಬೇಕಾಗುವ ಮಿತ್ಸುನೊಬು ಕ್ರಿಯೆಯ ಬಗ್ಗೆ ಗಚ್ಚಿಬೌಲಿಯ ಪ್ರೊ. ಕೆ. ಸಿ. ಕುಮಾರಸ್ವಾಮಿ ಮತ್ತು ಸಂಗಡಿಗರು 2009ರಲ್ಲಿ ‘ಕೆಮಿಕಲ್ ರಿವ್ಯೂಸ್’ನಲ್ಲಿ ಬರೆದ ಸಮೀಕ್ಷೆಯನ್ನು ಬಿಡುವು ಮಾಡಿಕೊಂಡು ಓದಿ.

ಈ ಪುಡಿಯ ತಯಾರಿಯಲ್ಲಿ ಸಾಧುತನವೇನಿಲ್ಲ. ಲ್ಯಾಬಿನಲ್ಲಿ ಒಣ ಈಥರಿನಲ್ಲಿರುವ ಫೀನೈಲ್ ಗ್ರಿನ್ಯಾರ್ ಕಾರಕಕ್ಕೆ ರಂಜಕದ ಟ್ರೈಕ್ಲೋರೈಡನ್ನು ತಂಪಿನಲ್ಲಿ, ಹನಿಹನಿಯಾಗಿ ಬಿಡುತ್ತಾರೆ. ಕಾರ್ಖಾನೆಯಲ್ಲಿ ಗ್ರಿನ್ಯಾರ್ ಕಾರಕದ ಬದಲು ಕ್ಲೋರೋಬೆಂಜೀನ್ ಮತ್ತು ಸೋಡಿಯಂ ಬಳಸುತ್ತಾರೆ. ಆ ಟ್ರೈಕ್ಲೋರೈಡ್ ನೀರು ಕಂಡರೆ ಸಿಡಿದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಕಾರುತ್ತದೆ. ಅನುಭವಿಗಳು ಪಕ್ಕದಲ್ಲಿಲ್ಲದೆ ಅದಕ್ಕೆ ಕೈ ಹಾಕಬೇಡಿ.

ಶುದ್ಧ ಟಿಪಿಪಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಗಾಳಿಯಲ್ಲಿ ನಿಧಾನವಾಗಿ, ದ್ರಾವಣದಲ್ಲಿ ಇನ್ನೂ ಬೇಗ, ಆಮ್ಲಜನಕ ಹೀರಿ ಆಕ್ಸೈಡಾಗುತ್ತದೆ. ಆಕ್ಸೈಡಾದದ್ದು ಲಿಗ್ಯಾಂಡಿನ ಕೆಲಸಕ್ಕೆ ಬಾರದು. ಆದ್ದರಿಂದ ಹಳೆಯ ಬಾಟಲಿಯನ್ನು ನಂಬಬೇಡಿ. ರಂಜಕದ ಎನ್‌ಎಂಆರ್ ತೆಗೆದು ನೋಡಿ, ಬೇಕಿದ್ದರೆ ಬಿಸಿ ಎಥನಾಲಿನಲ್ಲಿ ಮತ್ತೆ ಹರಳುಗಟ್ಟಿಸಿ.

ಇನ್ನು ಮೈಯ ವಿಚಾರ. ಟಿಪಿಪಿ ನುಂಗಿದರೆ ಹಾನಿಕರ, ಚರ್ಮಕ್ಕೆ ಅಲರ್ಜಿ ತರಬಲ್ಲದು, ಮತ್ತೆ ಮತ್ತೆ ದೇಹ ಸೇರಿದರೆ ನರಮಂಡಲಕ್ಕೆ ಪೆಟ್ಟು. ತೂಕ ಮಾಡುವಾಗ ಕನ್ನಡಕ, ಕೈಗವಸು, ಫ್ಯೂಮ್ ಹುಡ್ ಮೂರೂ ಇರಲಿ. ಪುಡಿಯ ದೂಳೆಬ್ಬಿಸಬೇಡಿ. ಇದರ ಬಂಧುಗಳಾದ ಟ್ರೈಬ್ಯುಟೈಲ್, ಟ್ರೈಮೀಥೈಲ್ ಫಾಸ್ಫೀನುಗಳು ಗಾಳಿ ತಾಗಿದರೇ ಹೊತ್ತಿಕೊಳ್ಳಬಲ್ಲವು. ಅವನ್ನು ನೈಟ್ರೋಜನ್ ಇಲ್ಲವೇ ಆರ್ಗಾನ್ ಅಡಿಯಲ್ಲೇ ತೆರೆಯಬೇಕು.

ಉಳಿದ ದ್ರಾವಣ ಸಿಂಕಿಗಲ್ಲ, ತ್ಯಾಜ್ಯದ ಕ್ಯಾನಿಗೆ. ನಮ್ಮ ಬೀದರ್ ಜಿಲ್ಲೆಯನ್ನು ಹಾದು ಬರುವ ಮಂಜೀರಾ ನದಿಗೆ ಪಟಾನ್‌ಚೆರು ಕಡೆಯ ನಕ್ಕವಾಗು ಹಳ್ಳ ಸೇರುತ್ತದೆ. ಆ ಹಳ್ಳಕ್ಕೆ ಕಾರ್ಖಾನೆಗಳ ಕೊಳೆ ಹರಿದು ಊರುಗಳ ನೀರು, ಹೊಲ ಕೆಟ್ಟ ಸಂಗತಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. ಇಲ್ಲಿ ದುಡಿಯುವ ನಮಗೆ ಆ ಊರುಗಳ ಋಣವಿದೆ.

ಯಾರಾದರೂ ‘ಏನೂ ಆಗಲ್ಲ, ಸುರಿ’ ಎಂದರೆ ಕೈ ತಡೆದು ಸುರಕ್ಷತಾ ಹಾಳೆ ಕೇಳಿ. ತೆಲುಗು, ಇಂಗ್ಲಿಷ್ ತಿಳಿಯದಿದ್ದರೆ ತಿಳಿಯುವ ಭಾಷೆಯಲ್ಲಿ ಹೇಳಿಸಿಕೊಳ್ಳಿ. ಭೋಪಾಲ್ ದುರಂತದ ಬಳಿಕ, 1987ರಲ್ಲಿ, ಅಪಾಯದ ಮಾಹಿತಿ ಕೇಳಿ ಪಡೆಯುವ ಹಕ್ಕನ್ನು ಕಾರ್ಖಾನೆ ಕಾಯ್ದೆಗೆ ಸೇರಿಸಲಾಯಿತು. ಸಾವಿರಾರು ಜನ ಸತ್ತ ಮೇಲೆ ಬಂದ ಹಕ್ಕು ಅದು. ಹೊಸಬರೆಂಬ ಸಂಕೋಚಕ್ಕೆ ಅದನ್ನು ಬಿಟ್ಟುಕೊಡಬೇಡಿ.

ಇಂತಿ,
ನಿಮ್ಮ ಹಿರಿಯ ಸಹೋದ್ಯೋಗಿ