ಎರಡು ಚಾ, ಒಂದು ಕೂದಲು

ಸಾಂಬ್ರಾ ವಿಮಾನ ನಿಲ್ದಾಣದ ಹಾದಿಯ ಚಾದಂಗಡಿಯಲ್ಲಿ ಅಣ್ಣನ ಮಗಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ‘ಟೀ ಎಣಿಸಾಕ ಬರೂದಿಲ್ಲವಾ, ಅಳೀಬೇಕು’ ಅಂದವನೇ ಒಳಗೆ ಮುಖ ಮಾಡಿ ‘ಎರಡು ಚಾ ಕೊಡ್ರಿ!’ ಎಂದು ಕೂಗಿಬಿಟ್ಟೆ.

‘ಕಾಕಾ, ಎಣಿಸಿದ್ರಲ್ಲ!’

ಹೋಟೆಲಿನಲ್ಲಿ ಇಂಗ್ಲಿಷರೂ ‘ಟೂ ಟೀಸ್’ ಅಂತಾರೆ ಎಂದು ಮಾನ ಉಳಿಸಿಕೊಂಡೆ. ಕನ್ನಡಕ್ಕೆ ಈ ರಗಳೆಯೇ ಇಲ್ಲ, ‘ಗಳು’ ಹಚ್ಚದೆಯೂ ಎರಡು ಚಾ ಬರುತ್ತದೆ.

ಕೂದಲಿನದು ಇನ್ನೂ ಮಜಾ. ತಲೆತುಂಬ ಇದ್ದರೆ ಬರೀ ‘ಹೇರ್’, ಲೆಕ್ಕವಿಲ್ಲ. ಭಜಿಯಲ್ಲಿ ಒಂದೆಳೆ ಸಿಕ್ಕರೆ ‘ಎ ಹೇರ್’, ಲೆಕ್ಕ ಶುರು! (ನನ್ನ ತಲೆ ಈಗೀಗ ಎರಡನೇ ಜಾತಿಗೆ ಸೇರುತ್ತಿದೆ.) ‘ಗ್ಲಾಸ್’ ಗಾಜಾದರೆ ಎಣಿಕೆಯಿಲ್ಲ, ಲೋಟವಾದರೆ ಉಂಟು.

‘ಹಂಗಾರ ನಮ್ಮ ಕುಂದಾ?’

‘ಅದು ತೂಗೂದವಾ.’

ಪಾಠ ಮುಗಿಯುವಷ್ಟರಲ್ಲಿ ಇನ್ನೆರಡು ಚಾ ಇಳಿದಿದ್ದವು. ಅಂಗಡಿಯವರು ವ್ಯಾಕರಣ ಕೇಳದೆ, ನಾಲ್ಕೂ ಲೋಟ ಎಣಿಸಿ ರೊಕ್ಕ ತಗೊಂಡರು.