ಹೋಗಿ ಬಾ ತಮ್ಮಾ, ಸನ್ಮಾನ ಆಮೇಲೆ

ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿ ಹೊರಬಿದ್ದಾಗ ನಾನು ಮೊದಲು ನೋಡುವುದು ಅದರ ಕೆಳಭಾಗವನ್ನು. ಸಾಹಿತ್ಯ, ಸಂಗೀತ, ಜಾನಪದ, ಕೃಷಿ, ವೈದ್ಯಕೀಯ ಎಲ್ಲ ಆದ ಮೇಲೆ ಅಲ್ಲಿ ಹೊರನಾಡು, ಹೊರದೇಶ ಎಂಬ ವಿಭಾಗ ಬರುತ್ತದೆ. ಊರು ಬಿಟ್ಟು ಹೋಗಿ ಹೆಸರು ಮಾಡಿದವರಿಗೆ ಅದು ಮೀಸಲು. ಊರಲ್ಲೇ ಉಳಿದು, ಡಿಗ್ರಿ ಸರ್ಟಿಫಿಕೇಟನ್ನು ಟ್ರಂಕಿನಲ್ಲಿಟ್ಟುಕೊಂಡು ಕೂತವರಿಗೆ ಮಾತ್ರ ಸರಕಾರ ಈವರೆಗೆ ಒಂದು ವಿಭಾಗ ತೆರೆದಿಲ್ಲ. ತೆರೆದರೆ ಶಾಲು ಸಾಲುವುದಿಲ್ಲ ಅನ್ನುವುದು ಇಲಾಖೆಗೆ ಗೊತ್ತು.

ಹಾಗಂತ ನಮ್ಮ ನಾಯಕರಿಗೆ ಯುವಕರ ಬಗ್ಗೆ ಕಳಕಳಿ ಇಲ್ಲವೆಂದಲ್ಲ. ಯಾವುದಾದರೂ ಕಾಲೇಜಿನ ವಾರ್ಷಿಕೋತ್ಸವ ಸಿಕ್ಕರೆ ಸಾಕು, ದೀಪ ಹಚ್ಚಿದ ಕೂಡಲೇ ‘ಇಂದಿನ ಯುವಕರು ಹಣದ ಹಿಂದೆ ಬಿದ್ದಿದ್ದಾರೆ, ಹುಟ್ಟಿದ ಮಣ್ಣಿನ ಋಣ ಮರೆತಿದ್ದಾರೆ’ ಎಂದು ಶುರು ಹಚ್ಚಿಕೊಳ್ಳುತ್ತಾರೆ. ಮುಂದಿನ ಸಾಲಿನಲ್ಲಿ ಕೂತ ಪ್ರಾಂಶುಪಾಲರು ತಲೆದೂಗುತ್ತಾರೆ. ಪ್ರಾಂಶುಪಾಲರ ಮಗ ಸಿಡ್ನಿಯಲ್ಲಿರುತ್ತಾನೆ, ನಾಯಕರ ಮಗಳು ಲಂಡನ್ನಿನಲ್ಲಿ. ಅದು ಉನ್ನತ ವ್ಯಾಸಂಗ. ಗದಗಿನ ಡಿಪ್ಲೊಮಾ ಹುಡುಗ ಪುಣೆ ಪಕ್ಕದ ಚಾಕಣದ ಕಾರ್ಖಾನೆಗೆ ಸೇರಿದರೆ ಮಾತ್ರ ಮಣ್ಣಿನ ಋಣದ ಪ್ರಶ್ನೆ ಏಳುತ್ತದೆ.

ಹೊರಗಿನಿಂದ ನೋಡುವವರಿಗೆ ಇದು ವಿಚಿತ್ರ ಅನ್ನಿಸಬಹುದು. ಇಡೀ ದೇಶದ ಪದವೀಧರರು ಕೆಲಸ ಹುಡುಕಿಕೊಂಡು ಬರುವ ರಾಜ್ಯ ಇದು. ಪಟ್ನಾದವರು ಬರುತ್ತಾರೆ, ಭುವನೇಶ್ವರದವರು ಬರುತ್ತಾರೆ. ಬೀದರಿನ ಹುಡುಗ ಹೈದರಾಬಾದಿಗೆ ಹೋಗುತ್ತಾನೆ, ಬೆಳಗಾವಿಯ ಹುಡುಗಿ ಪುಣೆಗೆ ಹೋಗುತ್ತಾಳೆ. ಇದಕ್ಕೆ ಸಮಾಜಶಾಸ್ತ್ರ ಬೇಕಿಲ್ಲ, ಗೂಗಲ್ ಮ್ಯಾಪ್ ಸಾಕು. ಬೀದರಿನಿಂದ ಹೈದರಾಬಾದಿಗೆ ಸುಮಾರು 150 ಕಿಲೋಮೀಟರ್, ಬೆಂಗಳೂರಿಗೆ ಸುಮಾರು 700. ಬೆಳಗಾವಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ನೌಕರಿಗಳನ್ನೆಲ್ಲ ರಾಜ್ಯದ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿ, ಇನ್ನೊಂದು ಮೂಲೆಯವನಿಗೆ ‘ರಾಜ್ಯ ಬಿಟ್ಟು ಹೋಗಬೇಡ’ ಅಂದರೆ, ಅವ್ವನನ್ನು ನೋಡಲು ತಿಂಗಳಿಗೊಮ್ಮೆ ಎರಡು ರಾತ್ರಿ ಬಸ್ಸಿನಲ್ಲಿ ಕಳೆ ಎಂದಂತಾಯಿತು. ಬೆಂಗಳೂರಿಗೇ ಹೋಗುತ್ತೇನೆಂದರೂ ಮನೆ ಮಾಲೀಕರು ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ. ಅಲ್ಲಿ ಇವನು ಬಾಯಿ ಬಿಟ್ಟರೆ ‘ಓ, ಆ ಕಡೆಯವರಾ’ ಎಂದು ನಗುತ್ತಾರೆ. ನಮ್ಮ ಉತ್ತರ ಕರ್ನಾಟಕದ ಕಡೆಯ ಮಾತು ಬಹಳ ಕಾಲ ಸಿನಿಮಾದ ಕಾಮಿಡಿ ಪಾತ್ರಗಳಿಗೆ ಮೀಸಲಾಗಿತ್ತು. ಪುಣೆಯಲ್ಲಿ ಆ ತೊಂದರೆ ಇಲ್ಲ. ಅಲ್ಲಿ ಇವನ ಕನ್ನಡ ಯಾರಿಗೂ ತಿಳಿಯುವುದಿಲ್ಲ, ಹಾಗಾಗಿ ಯಾರೂ ನಗುವುದಿಲ್ಲ.

ಈ ಅಸಮತೋಲನ ಸರಕಾರಕ್ಕೆ ಗೊತ್ತಿಲ್ಲವೇ ಅಂದರೆ, ಬೈಂಡು ಹಾಕಿಸಿ ಇಟ್ಟುಕೊಳ್ಳುವಷ್ಟು ಗೊತ್ತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಲೆಕ್ಕ ಹಾಕಿ, ಯಾವುದಕ್ಕೆ ಎಷ್ಟು ಖರ್ಚು ಮಾಡಬೇಕೆಂದೂ ಹೇಳಿತು. ಆ ವರ್ಷ ಹುಟ್ಟಿದ ಕೂಸು ನಡೆಯಲು ಕಲಿತು, ಸಾಲಿ ಕಲಿತು, ಇಂಜಿನಿಯರಾಗಿ 2024ಕ್ಕೆ ಪುಣೆ ಬಸ್ಸು ಹತ್ತಿತು. ಅದೇ 2024ರಲ್ಲಿ ಸರಕಾರ, ಅಸಮತೋಲನ ಇನ್ನೂ ಉಳಿದಿದೆಯೇ ಎಂದು ನೋಡಲು ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ರಚಿಸಿತು. ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿದ್ದರೂ ಸಾಕಿತ್ತು.

ಎಲ್ಲರೂ ಹೋಗುವುದಿಲ್ಲ, ಆ ಮಾತೂ ನಿಜ. ಉಳಿಯುವ ಹಟದವರೂ ಇದ್ದಾರೆ. ಅವರನ್ನು ನೋಡಬೇಕಾದರೆ ಧಾರವಾಡದ ಸಪ್ತಾಪುರಕ್ಕೆ ಬರಬೇಕು. ಒಂದು ಕಾಲಕ್ಕೆ ಪೇಢೆಗೂ ಕವಿಗಳಿಗೂ ಹೆಸರಾದ ಊರು ಈಗ ಕೋಚಿಂಗಿನ ಊರು. ಓಣಿ ಓಣಿಗೆ ‘ಲೈಬ್ರರಿ’ ಎಂಬ ಬೋರ್ಡು. ಒಳಗೆ ಪುಸ್ತಕಗಳೇನೂ ಇರುವುದಿಲ್ಲ, ಪ್ಲೈವುಡ್ ಹಲಗೆಯಿಂದ ಬೇರ್ಪಡಿಸಿದ ಖಾನೆಗಳಿರುತ್ತವೆ. ಒಂದೊಂದು ಖಾನೆಗೆ ಒಂದು ಕುರ್ಚಿ, ಒಂದು ಪ್ಲಗ್ಗು, ನೀರಿನ ಬಾಟಲಿ, ಗೋಡೆಗೆ ಅಂಟಿಸಿದ ಸಂವಿಧಾನದ ವಿಧಿಗಳು. ತಿಂಗಳ ಬಾಡಿಗೆ ಕೊಟ್ಟರೆ ಬೆಳಗಿನಿಂದ ರಾತ್ರಿವರೆಗೆ ಕೂರಬಹುದು. ಮಧ್ಯಾಹ್ನ ಖಾನಾವಳಿಯಲ್ಲಿ ಎರಡು ರೊಟ್ಟಿ, ಕಾಳು ಪಲ್ಯ, ಮತ್ತೆ ಖಾನೆ. ಅಲ್ಲೊಬ್ಬ ವಿಜಯಪುರ ಕಡೆಯ ಹುಡುಗನನ್ನು ಚಹಾ ಅಂಗಡಿಯ ಮುಂದೆ ಮಾತಾಡಿಸಿದೆ.

‘ಏನ್ ತಮ್ಮಾ, ತಯಾರಿ ಹೆಂಗ ನಡದೈತಿ?’

‘ತಯಾರಿ ಮುಗದೈತ್ರಿ ಸರ್. ಪೋಸ್ಟ್ ಕಾಲ್‌ಫಾರ್ ಆಗೋದೊಂದ ಬಾಕಿ.’

ಇದು ಚೇಷ್ಟೆಯಲ್ಲ. ರಾಜ್ಯ ಸರಕಾರದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಇವೆ ಎಂದು ಮಂತ್ರಿಗಳೇ ಸದನದಲ್ಲಿ ಒಪ್ಪಿಕೊಂಡಿದ್ದಾರೆ. ಕುರ್ಚಿ ಅಲ್ಲಿ ಖಾಲಿ, ಇಲ್ಲಿ ಭರ್ತಿ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ಆಯಿತು. ಆಮೇಲೆ ಒಎಂಆರ್ ಹಾಳೆಗಳು ಪರೀಕ್ಷೆ ಮುಗಿದ ಮೇಲೂ ಉತ್ತರ ಬರೆಯುತ್ತವೆ ಎಂಬ ಸಂಗತಿ ಬಯಲಿಗೆ ಬಂತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನಕ್ಕೊಳಗಾದರು. ಪಟ್ಟಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದು ಪಾಸಾಗಿದ್ದವನು ನಡುವಿನ ಎರಡು ವರ್ಷ ಯಾವ ಕಳ್ಳನನ್ನು ಹಿಡಿಯಬೇಕಿತ್ತು?

ಇನ್ನು ಕೆಪಿಎಸ್‌ಸಿ. 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಆಯ್ಕೆ ಸಿಐಡಿ, ಮಂತ್ರಿ ಮಂಡಲ, ಆಡಳಿತ ನ್ಯಾಯಮಂಡಳಿ, ಹೈಕೋರ್ಟ್ ಎಲ್ಲ ಕಡೆ ಪ್ರದಕ್ಷಿಣೆ ಹಾಕಿ, ಕಡೆಗೆ 2022ರಲ್ಲಿ ಅದಕ್ಕೆಂದೇ ಒಂದು ಕಾಯ್ದೆ ಮಾಡಬೇಕಾಯಿತು. ಕೆಲವರಿಗೆ ಆ ಹೊತ್ತಿಗೆ ತಹಶೀಲ್ದಾರ್ ಆಗುವ ಆಸೆ ಹೋಗಿ ಮಕ್ಕಳನ್ನು ಸಾಲಿಗೆ ಹಚ್ಚುವ ಚಿಂತೆ ಬಂದಿರಬೇಕು. 2024ರ ಆಗಸ್ಟ್ 27ರಂದು 384 ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆದಾಗ ಆಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರಶ್ನೆಪತ್ರಿಕೆಯ ಕನ್ನಡ ಹೇಗಿತ್ತೆಂದರೆ, ಕನ್ನಡ ಮಾಧ್ಯಮದ ಹುಡುಗ ಇಂಗ್ಲಿಷ್ ಪ್ರಶ್ನೆ ಓದಿ ಕನ್ನಡದ ಅರ್ಥ ಮಾಡಿಕೊಳ್ಳಬೇಕಾಯಿತು. ಗದ್ದಲವಾಗಿ ಮುಖ್ಯಮಂತ್ರಿ ಮರುಪರೀಕ್ಷೆ ಮಾಡಿಸಿದರು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅನುವಾದದ ತಪ್ಪುಗಳೇ ಸುದ್ದಿಯಾದವು. ಕನ್ನಡಿಗರಿಗೆ ಕೆಲಸ ಕೊಡುವ ಆಯೋಗಕ್ಕೆ ಮೊದಲು ಒಬ್ಬ ಕನ್ನಡಿಗನನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕೆಂದು ಹೊಳೆಯಲಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ, ಒಳಮೀಸಲಾತಿ ಇತ್ಯರ್ಥವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ಸಚಿವ ಸಂಪುಟ ತೀರ್ಮಾನಿಸಿತು. ಒಳಮೀಸಲಾತಿ ನ್ಯಾಯವಾದ ಬೇಡಿಕೆ, ದಶಕಗಳ ಹೋರಾಟ. ಅದರ ಬೆನ್ನ ಹಿಂದೆ ಅಡಗಿ ಕೂರುವುದು ಮಾತ್ರ ಸರಕಾರದ್ದೇ ಸ್ವಂತ ಕಲ್ಪನೆ. ಕಾದು ಕಾದು ಹುಡುಗರ ವಯೋಮಿತಿ ಮೀರತೊಡಗಿದಾಗ ಒಂದು ಸಲಕ್ಕೆಂದು ಮೂರು ವರ್ಷದ ಸಡಿಲಿಕೆ ಸಿಕ್ಕಿತು. ನೌಕರಿ ಕೊಡಲಾಗದಿದ್ದರೇನು, ವಯಸ್ಸು ಕೊಟ್ಟರಲ್ಲ!

ಜೊತೆಗೆ ಯುವನಿಧಿ ಉಂಟು. 2024ರ ಜನವರಿ 12ರಂದು, ವಿವೇಕಾನಂದರ ಜಯಂತಿಯ ದಿನ, ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿತು. ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500, ಹೆಚ್ಚೆಂದರೆ ಎರಡು ವರ್ಷ. ಕಷ್ಟದಲ್ಲಿದ್ದವನಿಗೆ ಮೂರು ಸಾವಿರ ಸಣ್ಣದಲ್ಲ, ಅದನ್ನು ನಾನು ಹೀಗಳೆಯಲಾರೆ. ಆದರೆ ಅದನ್ನು ಪಡೆಯಲು ‘ನನಗೆ ಇನ್ನೂ ನೌಕರಿ ಸಿಕ್ಕಿಲ್ಲ’ ಎಂದು ಆಗಾಗ ಸ್ವಯಂ ಘೋಷಣೆ ಮಾಡಬೇಕು. ಸರಕಾರ ತಾನು ಮಾಡಬೇಕಾದ ಘೋಷಣೆಯನ್ನು ಹುಡುಗರ ಬಾಯಿಂದ ಮಾಡಿಸುತ್ತಿದೆ.

ಖಾಸಗಿ ವಲಯದಲ್ಲಾದರೂ ಜಾಗ ಮಾಡೋಣವೆಂಬ ಹುರುಪು ಒಮ್ಮೆ ಬಂದಿತ್ತು. ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಕೇಳಿದ ಸರೋಜಿನಿ ಮಹಿಷಿ ವರದಿ ಎಂಬತ್ತರ ದಶಕದ್ದು. ಅಂದಿನಿಂದ ಪ್ರತಿ ನವೆಂಬರಿನಲ್ಲಿ ಅದರ ಧೂಳು ಒರೆಸುತ್ತಾರೆ. 2024ರ ಜುಲೈಯಲ್ಲಿ ಸಚಿವ ಸಂಪುಟ ಸ್ಥಳೀಯರಿಗೆ ಆಡಳಿತ ವರ್ಗದಲ್ಲಿ ಶೇ 50, ಉಳಿದದ್ದರಲ್ಲಿ ಶೇ 70 ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟೇಬಿಟ್ಟಿತು. ಉದ್ಯಮಿಗಳು ಹುಬ್ಬು ಗಂಟಿಕ್ಕಿದರು. ಆಂಧ್ರದ ಮಂತ್ರಿ ನಾರಾ ಲೋಕೇಶ್ ‘ವಿಶಾಖಪಟ್ಟಣಕ್ಕೆ ಬನ್ನಿ’ ಎಂದು ಆಹ್ವಾನಿಸಿದರು. ಎರಡು ದಿನ ತುಂಬುವಷ್ಟರಲ್ಲಿ ಮಸೂದೆ ತಡೆಹಿಡಿಯಲ್ಪಟ್ಟಿತು. ಅವಸರದ ಆ ಮಸೂದೆ ಒಳ್ಳೆಯದಿತ್ತೋ ಇಲ್ಲವೋ ಬೇರೆ ಮಾತು. ನನಗೆ ಇಷ್ಟವಾದದ್ದು ಅದರ ವೇಗ. ನೇಮಕಾತಿಗೆ ಹನ್ನೊಂದು ವರ್ಷ ತೆಗೆದುಕೊಳ್ಳುವ ಸರಕಾರಿ ಯಂತ್ರ, ಹಿಂದೆ ಸರಿಯುವಾಗ ಎರಡೇ ದಿನದಲ್ಲಿ ಕೆಲಸ ಮುಗಿಸುತ್ತದೆ.

ಹುಬ್ಬಳ್ಳಿಯ ಕತೆ ಇನ್ನೂ ಸೊಗಸು. ವಿಮಾನ ನಿಲ್ದಾಣದ ಹತ್ತಿರ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರ ಕ್ಯಾಂಪಸ್ ತಲೆ ಎತ್ತಿತು. ಎತ್ತಿದ ತಲೆ ವರ್ಷಗಟ್ಟಲೆ ಖಾಲಿಯೇ ಇತ್ತು. ಹುಡುಗರು ಜಾಲತಾಣದಲ್ಲಿ ಅಭಿಯಾನ ಮಾಡಿ, ಊರವರು ಒತ್ತಾಯ ಹೇರಿ, 2022ರಲ್ಲಿ ಅದು ಬಾಗಿಲು ತೆರೆಯಿತು. ಆಮೇಲೆ ಬೇರೆ ಊರಿನ ನೌಕರರು ಹುಬ್ಬಳ್ಳಿಗೆ ಬರಲಿ ಎಂದು, ಹುದ್ದೆಗೆ ತಕ್ಕಂತೆ ಎಂಟು ಲಕ್ಷ ರೂಪಾಯಿವರೆಗೆ ಪ್ರೋತ್ಸಾಹಧನ ಪ್ರಕಟವಾಯಿತು. ಬರುವವರಿಗೆ ಎಂಟು ಲಕ್ಷ, ಅಲ್ಲೇ ಇರುವವರಿಗೆ ಬಯೊಡೇಟಾ ಕಳಿಸಲು ಒಂದು ಇಮೇಲ್ ವಿಳಾಸ. ಹುಬ್ಬಳ್ಳಿಯಲ್ಲಿ ನೌಕರಿ ಬೇಕಾದವನು ಮೊದಲು ಪುಣೆಯಲ್ಲೋ ಬೆಂಗಳೂರಿನಲ್ಲೋ ಅನುಭವ ಪಡೆದು, ಆಮೇಲೆ ಹುಬ್ಬಳ್ಳಿಗೆ ಬರಬೇಕೆಂಬ ಸೂತ್ರ ಹುಡುಗರಿಗೆ ಈಗ ಬಾಯಿಪಾಠ. ಹುಬ್ಬಳ್ಳಿಯ ಬಿವಿಬಿಯಲ್ಲಿ ಇಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರೂ 1974ರಷ್ಟು ಹಿಂದೆ ಪುಣೆಯ ಟೆಲ್ಕೊ ಸೇರಿದವರೇ. ದಾರಿ ಹಳೆಯದು, ನಾವು ಡಾಂಬರು ಹಾಕುತ್ತಾ ಬಂದಿದ್ದೇವೆ ಅಷ್ಟೇ. 2024ರ ಸೆಪ್ಟೆಂಬರಿನಿಂದ ಹುಬ್ಬಳ್ಳಿ–ಪುಣೆ ನಡುವೆ ವಾರಕ್ಕೆ ಮೂರು ದಿನ ವಂದೇ ಭಾರತ್ ರೈಲೂ ಓಡುತ್ತಿದೆ. ಹೋಗುವವರಿಗೆ ಎಸಿ ವ್ಯವಸ್ಥೆಯಾಯಿತು.

ನಾಯಕರನ್ನೇ ಬೈದರೆ ನ್ಯಾಯವಾಗದು, ನಮ್ಮ ಮನೆಗಳಿಗೂ ಒಂದಿಷ್ಟು ಪಾಲು ಸಲ್ಲಬೇಕು. ಮಗ ಪುಣೆಯಲ್ಲಿ ‘ಕಾಟ್ ಬೇಸಿಸ್’ ರೂಮಿನಲ್ಲಿ, ನಾಲ್ವರ ನಡುವೆ ಒಂದು ಮಂಚದ ಜಾಗ ಹಿಡಿದು ಮಲಗುತ್ತಾನೆ. ಅಪ್ಪ ಊರಿನ ಕಟ್ಟೆಯ ಮೇಲೆ ಕೂತು, ಹುಡುಗರು ಊರು ಬಿಟ್ಟರೆಂದು ನಿಟ್ಟುಸಿರು ಬಿಡುತ್ತಾನೆ. ಅದೇ ಅಪ್ಪ ಮಗಳಿಗೆ ವರ ನೋಡುವಾಗ ‘ಹುಡುಗ ಊರಾಗ ಅದಾನೇನ್ರಿ? ಹಂಗಾರ ಬ್ಯಾಡ ಬಿಡ್ರಿ’ ಅನ್ನುತ್ತಾನೆ. ಎಂಟು ಎಕರೆ ನೀರಾವರಿ ಇದ್ದರೂ ಹಳ್ಳಿಯ ಪದವೀಧರನಿಗೆ ಹೆಣ್ಣು ಸಿಗುವುದಿಲ್ಲ.

ಇಷ್ಟಾದರೂ ನಮ್ಮ ಕಡೆಗೆ ಸರಕಾರ ಏನೂ ಕೊಟ್ಟಿಲ್ಲವೆಂದರೆ ಕೃತಘ್ನತೆಯಾದೀತು. ಬೆಳಗಾವಿಯ ಸುವರ್ಣ ವಿಧಾನಸೌಧ 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರ ಕೈಯಿಂದ ಉದ್ಘಾಟನೆಯಾಯಿತು. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಹತ್ತು ದಿನದ ಸುಮಾರಿಗೆ ಅಲ್ಲಿ ಅಧಿವೇಶನ, ಉಳಿದ ದಿನ ಹೆಚ್ಚಿನಂಶ ಬಣಬಣ. ಕಚೇರಿಗಳನ್ನು ಅಲ್ಲಿಗೆ ಸಾಗಿಸುವ ಭರವಸೆ ಮಾತ್ರ ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಬಂದು ಹೋಗುತ್ತದೆ. 2022ರಲ್ಲಿ ಗುತ್ತಿಗೆ ಕಾರ್ಮಿಕೆಯೊಬ್ಬರು ಅದರ ಮೆಟ್ಟಿಲ ಮೇಲೆ ಶ್ಯಾವಿಗೆ, ಹಪ್ಪಳ ಒಣಹಾಕಿದ್ದು ದೊಡ್ಡ ಸುದ್ದಿಯಾಗಿ, ಅವರ ಕೆಲಸಕ್ಕೇ ಕುತ್ತು ಬಂತು. ಆ ಕಟ್ಟಡವನ್ನು ಬಳಸಲು ಒಂದು ಉಪಾಯ ಕಂಡುಹಿಡಿದ ಏಕೈಕ ವ್ಯಕ್ತಿಗೆ ಕೊಟ್ಟ ಮರ್ಯಾದೆ ಅದು.

ಶಾಸಕರಿಗೇ ಬೆಳಗಾವಿಯಲ್ಲಿ ಎರಡು ವಾರ ನಿಲ್ಲಲು ಬೇಸರ. ಶುಕ್ರವಾರ ಮಧ್ಯಾಹ್ನವಾದರೆ ಸದನದಲ್ಲಿ ಕೋರಂ ಹುಡುಕಬೇಕು. ಸಂಬಳ, ಭತ್ಯೆ, ವಸತಿ, ಕಾರು ಎಲ್ಲ ಇದ್ದು ಹತ್ತು ದಿನ ಉಳಿಯಲಾಗದವರು, ಏನೂ ಇಲ್ಲದ ಹುಡುಗನಿಗೆ ಜೀವಮಾನವಿಡೀ ಇಲ್ಲೇ ಇರು ಅನ್ನುತ್ತಾರೆ.

ಮುಂದಿನ ಅಧಿವೇಶನಕ್ಕೆ ಬರುವ ಸನ್ಮಾನ್ಯ ಸದಸ್ಯರಲ್ಲಿ ಒಂದೇ ವಿನಂತಿ. ಉತ್ತರ ಕರ್ನಾಟಕದ ಚರ್ಚೆಯನ್ನು, ಎಲ್ಲರೂ ಬ್ಯಾಗು ಕಟ್ಟುವ ಕೊನೆಯ ಎರಡು ದಿನಕ್ಕೆ ತಳ್ಳದೆ ಮೊದಲ ದಿನ ಬೆಳಿಗ್ಗೆಯೇ ಎತ್ತಿಕೊಳ್ಳಿ. ಖಾಲಿ ಹುದ್ದೆ ಎಷ್ಟು, ಅಧಿಸೂಚನೆ ಯಾವ ತಾರೀಖಿಗೆ, ಪರೀಕ್ಷೆ ಯಾವ ತಾರೀಖಿಗೆ, ಆದೇಶ ಪತ್ರ ಯಾವ ತಾರೀಖಿಗೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮಂಡಿಸಿ. ದಯವಿಟ್ಟು ಮೊದಲೇ ಕನ್ನಡದಲ್ಲಿ ಬರೆಯಿರಿ, ಅನುವಾದಕ್ಕೆ ಕೊಡಬೇಡಿ.